ಮಾರ್ಚ್ 1969ರ ಸ್ಟಾರ್ಟರ್‌ಗಾಗಿ ಎರಡು ವರ್ಷ

ನನ್ನ 1969ರ ಅಮೆರಿಕನ್ ಕಾರು ಷೆವರ್ಲೆ ಶೆವೆಲ್ ಎಸ್‌ಎಸ್ 396ರ ಮೂಲ ಸ್ಟಾರ್ಟರ್ (ಇಂಜಿನ್ ಚಾಲು ಮಾಡುವ ಮೋಟಾರು) ಕೈತಪ್ಪಿದ್ದು ರಿಪೇರಿ ಅಂಗಡಿಯಲ್ಲಿ. ಅಮೆರಿಕದಲ್ಲಿ ಹಳೆಯದನ್ನು ಇಟ್ಟುಕೊಂಡು, ಮೊದಲೇ ರಿಪೇರಿ ಮಾಡಿಟ್ಟ ಬೇರೊಂದನ್ನು ಕೊಡುವ ರೂಢಿಯಿದೆ. 'ನನ್ನದನ್ನೇ ಸರಿಮಾಡಿ ಕೊಡಿ' ಎಂದು ನಾನು ಹೇಳಿರಲಿಲ್ಲ. ವಾರ ಬಿಟ್ಟು ಕೇಳಲು ಹೋದಾಗ ಅದು ಯಾವ ರಾಶಿಗೆ ಸೇರಿತೋ ಯಾರಿಗೂ ಗೊತ್ತಿರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಅದೇ ಕಾಲದ ಇನ್ನೊಂದನ್ನು ಹುಡುಕತೊಡಗಿದೆ.

ಕಾರಿನ ಬಾಡಿ ತಗಡಿನ ಮೇಲೆ '04ಬಿ' ಎಂದಿದೆ, ಅಂದರೆ ಕಾರು ತಯಾರಾದದ್ದು ಏಪ್ರಿಲ್ ಎರಡನೇ ವಾರ. ಸ್ಟಾರ್ಟರ್ ಅದಕ್ಕಿಂತ ಮುಂಚೆ ತಯಾರಾಗಿರಬೇಕು. ಸ್ಟಾರ್ಟರ್ ತಯಾರಿಸುತ್ತಿದ್ದ ಡೆಲ್ಕೊ-ರೆಮಿಯವರು ಅದರ ಮೇಲೆ ಪಾರ್ಟ್ ನಂಬರಿನ ಜೊತೆಗೆ ವರ್ಷದ ಕೊನೆಯ ಅಂಕಿ, ತಿಂಗಳಿಗೊಂದು ಅಕ್ಷರ, ತಾರೀಕು ಒತ್ತುತ್ತಿದ್ದರು. '9ಸಿ18' ಎಂದರೆ 1969 ಮಾರ್ಚ್ 18.

ಪೆನ್ಸಿಲ್ವೇನಿಯಾದ ಕಾರ್ಲೈಲ್‌ನ ಹಳೆ ಕಾರು ಬಿಡಿಭಾಗಗಳ ಸಂತೆಗೆ ಎರಡು ವರ್ಷ ಹೋದೆ. ಜೇಬಿನಲ್ಲಿ ಟಾರ್ಚು, ಸೀಮೆಎಣ್ಣೆ ಬಟ್ಟೆ. ಒತ್ತಿದ ಅಕ್ಷರಗಳ ಮೇಲೆ ತಂತಿ ಬ್ರಷ್ ಆಡಿಸಲೇಬಾರದು, ಸವೆದುಹೋಗುತ್ತವೆ. ಬಣ್ಣದ ಕೆಳಗೂ ಹೆಬ್ಬೆರಳಿಗೆ ತಗ್ಗು ಸಿಗುತ್ತದೆ. ಅಕ್ಷರದ ಸುತ್ತ ಲೋಹ ಹೊಸದಾಗಿ ಉಜ್ಜಿದಂತಿದ್ದರೆ ಮತ್ತೆ ಒತ್ತಿದ್ದೆಂದು ಅನುಮಾನಿಸಿ ಕೆಳಗಿಡುತ್ತಿದ್ದೆ. ನನ್ನದು ನಾಲ್ಕು ಗೇರಿನ ಕಾರು, ಸ್ಟಾರ್ಟರ್ ತಿರುಗಿಸುವ ಫ್ಲೈವೀಲ್ ಚಕ್ರಕ್ಕೆ 168 ಹಲ್ಲು. ಹಾಗಾಗಿ ಸ್ಟಾರ್ಟರಿನ ಮೂತಿ ಎರಕದ ಕಬ್ಬಿಣದ್ದು ಬೇಕು, ಬೋಲ್ಟ್ ತೂತುಗಳು ಒಂದರ ಹಿಂದೊಂದು ಓರೆಯಾಗಿರಬೇಕು. 153 ಹಲ್ಲಿನದಕ್ಕೆ ತೂತುಗಳು ನೇರ ಸಾಲಿನಲ್ಲಿರುತ್ತವೆ, ಅದು ಇದಕ್ಕೆ ಕೂರುವುದಿಲ್ಲ.

ಸ್ಟಾರ್ಟರ್ ಮೇಲಿನ ವಿದ್ಯುತ್ ಸ್ವಿಚ್ಚಾದ ಸೊಲೆನಾಯ್ಡ್‌ನಲ್ಲಿ 'ಆರ್' ಟರ್ಮಿನಲ್ (ತಂತಿ ಜೋಡಿಸುವ ತುದಿ) ಇದೆಯೇ ಎಂದೂ ನೋಡಬೇಕು. ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿಗೆ ಪೂರ್ತಿ ಬ್ಯಾಟರಿ ಕರೆಂಟು ಹೋಗುವುದು ಅದರ ಮೂಲಕ. ನಂತರದ ಮಾದರಿಗಳಲ್ಲಿ ಅದು ಇರುವುದಿಲ್ಲ.

ಎರಡನೇ ವರ್ಷ, ಒಬ್ಬ ವೃದ್ಧರ ಟ್ರಕ್ಕಿನ ಹಿಂದೆ, ಗ್ರೀಸು ಮೆತ್ತಿದ ಹಾಲಿನ ಕ್ರೇಟಿನಲ್ಲಿ ಸಿಕ್ಕಿತು: 9ಸಿ, ತಾರೀಕು 11. ನನ್ನ ಕೈ ನಡುಗುತ್ತಿತ್ತು. ಹೇಳಿದಷ್ಟು ಕೊಟ್ಟೆ.

ಈ ಬಾರಿ ಯಾರ ಕೈಗೂ ಕೊಡಲಿಲ್ಲ. ನಾನೇ ಬಿಚ್ಚಿ ಬುಷ್, ಕಾರ್ಬನ್ ಬ್ರಷ್ ಹಾಕಿದೆ. ಒಳಗೆ ತಿರುಗುವ ಆರ್ಮೇಚರಿನ ಕಮ್ಯುಟೇಟರನ್ನು (ಬ್ರಷ್ ತಾಗುವ ತಾಮ್ರದ ಭಾಗ) ಮಾತ್ರ ಲೇತಿನಲ್ಲಿ, ಎದುರಿಗೇ ನಿಂತು ಸವರಿಸಿದೆ. ಸ್ಟಾರ್ಟರಿನ ತುದಿಯನ್ನು ಇಂಜಿನ್ನಿಗೆ ಹಿಡಿದಿಡುವ ಪುಟ್ಟ ಬ್ರಾಕೆಟ್ ಸಾಮಾನ್ಯವಾಗಿ ಯಾರಲ್ಲೂ ಇರುವುದಿಲ್ಲ. ಮೆಕ್ಯಾನಿಕ್‌ಗಳು ಬಿಚ್ಚಿ ಎಸೆದುಬಿಟ್ಟಿರುತ್ತಾರೆ. ಅದಿಲ್ಲದಿದ್ದರೆ ಭಾರವೆಲ್ಲ ಮೂತಿಯ ಎರಡೇ ಬೋಲ್ಟುಗಳ ಮೇಲೆ. ನನಗದು ಮರುವರ್ಷ ಸಿಕ್ಕಿತು, ಬೋಲ್ಟ್ ಸಮೇತ.