ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಬಂದಿದೆಯಾ? ಫಾಸ್ಟಿಂಗ್ ಶುಗರ್ ಒಂದನ್ನೇ ನಂಬಬೇಡಿ

ಹೊಟ್ಟೆನೋವು ಎಂದು ಉಡುಪಿಯಲ್ಲಿ ನನ್ನ ಭಾವನಿಗೆ ಸ್ಕ್ಯಾನಿಂಗ್ ಮಾಡಿಸಿದ್ದೆವು. ಕಲ್ಲೇನೂ ಸಿಗಲಿಲ್ಲ. ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಒಂದು ಸಾಲು ಇತ್ತು. ಫಾಸ್ಟಿಂಗ್ ಶುಗರ್ 98. “ನನಗೆ ಶುಗರ್ ಇಲ್ಲ ಮಾರಾಯ” ಎಂದು ಭಾವ ಸಮಾಧಾನದಿಂದ ಮನೆಗೆ ಬಂದರು. ಎಂಟು ತಿಂಗಳ ನಂತರ ಗ್ಲೂಕೋಸ್ ಕುಡಿಸಿ ನೋಡಿದಾಗ ಎರಡು ಗಂಟೆಯ ಲೆಕ್ಕ 214! ಅವತ್ತೂ ಫಾಸ್ಟಿಂಗ್ 108 ಮಾತ್ರ. ಆ ಎಂಟು ತಿಂಗಳು ಸುಮ್ನೆ ಹೋಯಿತಲ್ಲ ಎಂಬ ಬೇಸರ ನನಗೆ ಇನ್ನೂ ಇದೆ.

ಹೀಗೇಕೆ ಆಗುತ್ತದೆ? ಲಿವರ್‌ನಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ ಮಾತು ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಸುರಿಸಿ ಹೇಗೋ ಸರಿದೂಗಿಸುತ್ತದೆ. ಬೆಳಗಿನ ಖಾಲಿ ಹೊಟ್ಟೆಯಲ್ಲಿ ಅಷ್ಟು ಸಾಕಾಗುತ್ತದೆ. ಒಂದು ಬಟ್ಟಲು ಅನ್ನದ ಸಕ್ಕರೆ ಒಮ್ಮೆಲೇ ರಕ್ತಕ್ಕೆ ಇಳಿದಾಗ ಮಾತ್ರ ಸಾಲದೆ ಬರುತ್ತದೆ.

ಮೊದಲು ಫಾಸ್ಟಿಂಗ್. ಕನಿಷ್ಠ 8 ಗಂಟೆ ಏನೂ ತಿನ್ನದೆ ಹೋಗಿ. ನೀರು ಕುಡಿಯಬಹುದು, ಕಾಫಿ ಬೇಡ. 100ರ ಕೆಳಗೆ ಸರಿ, 100ರಿಂದ 125 ಗಡಿ, 126 ಅಥವಾ ಹೆಚ್ಚಾದರೆ ಸಕ್ಕರೆ ಕಾಯಿಲೆ. ರಕ್ತವನ್ನು ಲ್ಯಾಬ್‌ನಲ್ಲೇ ಕೊಡಿ. ಬೆರಳಿಗೆ ಚುಚ್ಚುವ ಗ್ಲೂಕೋಮೀಟರ್ ಕಾಯಿಲೆ ಇದೆ, ಇಲ್ಲ ಎಂದು ತೀರ್ಮಾನಿಸಲು ಅಲ್ಲ.

ಜೊತೆಗೇ ‘ಮೂರು ತಿಂಗಳ ಶುಗರ್’, ಅಂದರೆ ಎಚ್‌ಬಿಎ1ಸಿ. 5.7ರಿಂದ 6.4 ಶೇಕಡಾ ಗಡಿ, 6.5ರಿಂದ ಮೇಲೆ ಕಾಯಿಲೆ. ಇದಕ್ಕೆ ಉಪವಾಸ ಬೇಕಿಲ್ಲ. ಆದರೆ ಇಲ್ಲೊಂದು ಎಡವಟ್ಟು ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೆ ಅಂಟಿದ ಸಕ್ಕರೆಯನ್ನೇ ಈ ಟೆಸ್ಟ್ ಅಳೆಯುವುದು. ಕಣ ಬೇಗ ಸತ್ತರೆ ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಹಂತಕ್ಕೆ ಹೋದವರಲ್ಲಿ, ಗುಲ್ಮ (ಸ್ಪ್ಲೀನ್) ದೊಡ್ಡದಾದವರಲ್ಲಿ ಹೀಗಾಗುತ್ತದೆ. ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ತಿರುಗಾ ಮುರುಗಾ, ಸಂಖ್ಯೆ ಸುಳ್ಳೇ ಜಾಸ್ತಿ ತೋರಿಸಬಹುದು. ಹಾಗಾಗಿ ಅದೇ ದಿನ ಹಿಮೋಗ್ಲೋಬಿನ್ ಕೂಡ ನೋಡಿಸಿ, ಹೆಂಗಸರಂತೂ ಬಿಡಲೇಬೇಡಿ. ಇತ್ತೀಚೆಗೆ ರಕ್ತ ಏರಿಸಿಕೊಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಎರಡರಲ್ಲಿ ಒಂದು ಗಡಿಯಲ್ಲಿದ್ದರೂ, ಒಂದಕ್ಕೊಂದು ತಾಳೆಯಾಗದಿದ್ದರೂ ಗ್ಲೂಕೋಸ್ ಕುಡಿಸಿ ಮಾಡುವ ಟೆಸ್ಟ್ ಕೇಳಿ. ಎರಡೂ ಸರಿ ಇದ್ದು ಸೊಂಟ ದಪ್ಪಗಿದ್ದರೆ, ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಆಗಲೂ ಕೇಳುವುದೇ ಒಳ್ಳೆಯದು. ಬಚ್ಚಿಟ್ಟುಕೊಂಡ ಶುಗರ್ ಹಿಡಿಯಲು ಇದರಷ್ಟು ಚುರುಕಾದ ಟೆಸ್ಟ್ ಇನ್ನೊಂದಿಲ್ಲ. ಬೆಳಿಗ್ಗೆ ನೀರುದೋಸೆ ತಿಂದು ಕೊಡುವ ಪಿಪಿ ರಕ್ತ ಇದಕ್ಕೆ ಸಮ ಅಲ್ಲ. ಯಾರು ಎಷ್ಟು ದೋಸೆ ತಿಂದರು ಎಂದು ಅಳತೆ ಇಲ್ಲ ಅಲ್ವಾ?

ತಯಾರಿ ಮುಖ್ಯ. ಟೆಸ್ಟ್ ಬಂತೆಂದು ಅನ್ನ, ಗಂಜಿ ಬಿಡಬೇಡಿ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿ, ಇಲ್ಲದಿದ್ದರೆ ಸಂಖ್ಯೆ ಸುಳ್ಳೇ ಮೇಲೇರುತ್ತದೆ. ಏಕಾದಶಿ ಉಪವಾಸದ ಮರುದಿನವಂತೂ ಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ ತೆಗೆದ ಮೇಲೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ಒಂದು ಲೋಟ ನೀರು ಕೊಡುತ್ತಾರೆ. ಅತಿ ಸಿಹಿ, ಭಾವನಿಗೆ ವಾಕರಿಕೆ ಬಂದು ಅರ್ಧ ಲೋಟದಲ್ಲೇ ನಿಂತಿದ್ದರು. ಐದು ನಿಮಿಷದೊಳಗೆ ಮುಗಿಸಬೇಕು. ನಂತರ ಎರಡು ಗಂಟೆ ಸುಮ್ನೆ ಕೂತಿರಿ. ಪೇಟೆಗೆ ಹೋಗಿ ಬರ್ತೇನೆ ಎಂದು ನಡೆದರೆ, ಬೀಡಿ ಸೇದಿದರೆ ಲೆಕ್ಕ ಕೆಡುತ್ತದೆ. 140ರ ಕೆಳಗೆ ಸರಿ, 140ರಿಂದ 199 ಗಡಿ, 200 ಮುಟ್ಟಿದರೆ ಕಾಯಿಲೆ.

ಬಾಯಾರಿಕೆ, ಪದೇಪದೇ ಮೂತ್ರದಂಥ ಲಕ್ಷಣ ಇಲ್ಲದಿದ್ದರೆ ಒಂದೇ ಸಂಖ್ಯೆಗೆ ಹಣೆಪಟ್ಟಿ ಕಟ್ಟಿಕೊಳ್ಳಬೇಡಿ. ಇನ್ನೊಂದು ಟೆಸ್ಟೂ ಅದನ್ನೇ ಹೇಳಬೇಕು. ಭಾವನಿಗೂ ಮತ್ತೊಮ್ಮೆ ಮಾಡಿಸಿದೆವು, ಆಗಲೂ 200 ದಾಟಿತ್ತು.

ಗಡಿಯಲ್ಲಿದ್ದರೆ ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ, ಎಲ್ಲ ಸರಿ ಇದ್ದರೂ 3 ವರ್ಷ ದಾಟಿಸಬೇಡಿ. ಹೋಗುವಾಗ ಆ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿರಲಿ. ಶುಗರ್ ನೋಡುವ ಡಾಕ್ಟರಿಗೆ ಲಿವರ್ ವಿಷಯ ಹೇಳುವವರು ನೀವೇ.