ಘಟ್ಟಕ್ಕೂ ಕಡಲಿಗೂ ಒಗ್ಗುವ ಜಿಪಿಎಸ್: ಆರಿಸುವುದು ಹೇಗೆ?

ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತತೊಡಗಿದರೆ, ಉಜಿರೆ ಬಿಟ್ಟು ಚಾರ್ಮಾಡಿ ಕಡೆ ಮುಖ ಮಾಡಿದರೆ ಮೊಬೈಲಿನ ಸಿಗ್ನಲ್ ಗೆರೆ ಒಂದೊಂದಾಗಿ ಮಾಯವಾಗುತ್ತದೆ. ಅಲ್ಲಿಂದಾಚೆ ಮಳೆ, ಮಂಜು, ಇಂಬಳ. ಕುದುರೆಮುಖದ ಹುಲ್ಲುಗಾವಲಿನಲ್ಲಿ ಮಂಜು ಕವಿದರೆ ಹತ್ತು ಮಾರು ಮುಂದೆ ನಡೆಯುವವರ ಬೆನ್ನೂ ಕಾಣದು. ಪ್ರಾಣಿಗಳು ಓಡಾಡಿದ ಜಾಡು ಯಾವುದು, ಜನ ನಡೆದ ದಾರಿ ಯಾವುದು ಎಂದು ತಿಳಿಯದು. ಬಂದ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ಯುವ ಸಾಧನವೊಂದು ಕೈಯಲ್ಲಿರಬೇಕಿತ್ತು ಎಂದು ಆಗ ಯಾರಿಗಾದರೂ ಅನ್ನಿಸುತ್ತದೆ.

ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳಲು ಹೊರಟವರು ಮೊದಲು ನೋಡುವುದು ಇಂಟರ್ನೆಟ್ಟಿನ ವಿಮರ್ಶೆಗಳನ್ನು. ಅವುಗಳಲ್ಲಿ ಹೆಚ್ಚಿನವು ಒಣಹವೆಯ, ಬಯಲು ಬೆಟ್ಟಗಳ ನಾಡಿನಲ್ಲಿ ಬರೆದವು. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ತಲೆಯ ಮೇಲೆ ತೊಟ್ಟಿಕ್ಕುವ ದಟ್ಟ ಕಾಡು, ಇನ್ನೊಂದು ಬದಿಯಲ್ಲಿ ಉಪ್ಪುಗಾಳಿಯ ಕಡಲು. ಈ ಮೂರನ್ನು ತಾಳಿಕೊಳ್ಳುವುದೇ ಇಲ್ಲಿ ಮೊದಲ ಅರ್ಹತೆ. ಉಳಿದ ಸೌಕರ್ಯಗಳ ಮಾತು ಆಮೇಲೆ.

ಮೊದಲು, ಯಾವ ಕೆಲಸಕ್ಕೆ?

ಕಾರು, ಬೈಕಿನಲ್ಲಿ ದಾರಿ ನೋಡುವುದಕ್ಕಾದರೆ ಫೋನ್ ಸಾಕು, ದುಡ್ಡು ಉಳಿಸಿ. ಕಾಡಿನ ಚಾರಣಕ್ಕೆ, ಪಕ್ಷಿ ಅಥವಾ ಸಸ್ಯ ಸಮೀಕ್ಷೆಗೆ, ನಾಡದೋಣಿ ಇಲ್ಲವೇ ಕಯಾಕಿಗೆ ಆದರೆ ಮುಂದೆ ಓದಿ.

ಜಾಗದ ಗಡಿ ಅಳೆಯಲು ಎಂದಾದರೆ ದಯವಿಟ್ಟು ಕೊಳ್ಳಬೇಡಿ. ಬಯಲು ಆಕಾಶದ ಕೆಳಗೂ ಈ ಸಾಧನಗಳು ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತವೆ. ಐದು ಸೆಂಟ್ಸ್ ಜಾಗ ಎಂದರೆ ಸುಮಾರು 202 ಚದರ ಮೀಟರ್. ಅದು ಚೌಕವಾಗಿದ್ದರೆ ಒಂದು ಬದಿ ಹದಿನಾಲ್ಕು ಮೀಟರಿಗೆ ಸ್ವಲ್ಪ ಹೆಚ್ಚು. ಬದಿಯ ಅಳತೆ ಮೂರು ಮೀಟರ್ ಹೆಚ್ಚಿಗೆ ಬಂದರೆ ಐದು ಸೆಂಟ್ಸ್ ಏಳು ಸೆಂಟ್ಸಿಗಿಂತ ಮೇಲಾಗುತ್ತದೆ! ಅಡಿಕೆ ತೋಟದ ಅಂದಾಜು ವಿಸ್ತೀರ್ಣಕ್ಕೆ ಅಡ್ಡಿಯಿಲ್ಲ. ನೆರೆಮನೆಯವರೊಂದಿಗಿನ ಬೇಲಿ ತಕರಾರಿಗೆ ಮಾತ್ರ ಸರ್ವೆಯವರ ರೋವರ್ ಯಂತ್ರವೇ ಬೇಕು.

ಫೋನಿಗಿಂತ ಇದರಲ್ಲಿ ಏನು ಹೆಚ್ಚು?

ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ ಬಹಳ ಮಂದಿಯಲ್ಲಿ ಉಂಟು. ಅದು ಸರಿಯಲ್ಲ. ಉಪಗ್ರಹದ ಸಂಕೇತಕ್ಕೂ ಮೊಬೈಲ್ ಟವರಿಗೂ ಸಂಬಂಧವಿಲ್ಲ. ಟವರ್ ಇದ್ದರೆ ಮೊದಲ ಸಲ ಸ್ಥಾನ ಬೇಗ ಸಿಗುತ್ತದೆ, ಅಷ್ಟೆ. ಓಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡರೆ ಏರೋಪ್ಲೇನ್ ಮೋಡ್‌ನಲ್ಲೂ ದಾರಿ ಕಾಣುತ್ತದೆ. ಬೇಸಿಗೆಯಲ್ಲಿ ಗಡಾಯಿಕಲ್ಲು ಬೆಟ್ಟದ ಒಂದು ದಿನದ ಚಾರಣಕ್ಕೆ ಅಷ್ಟು ಸಾಕು.

ಫೋನ್ ಸೋಲುವುದು ಮಳೆಯಲ್ಲಿ. ಟಚ್‌ಸ್ಕ್ರೀನಿನ ಮೇಲೆ ಬಿದ್ದ ಹನಿಯನ್ನು ಅದು ಬೆರಳೆಂದು ತಿಳಿಯುತ್ತದೆ. ನಕ್ಷೆ ತಾನಾಗಿ ಜಾರುತ್ತದೆ, ದೊಡ್ಡದಾಗುತ್ತದೆ, ಒರೆಸಿದರೆ ಮತ್ತೆ ಒದ್ದೆ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಕಾಲು ಉಳುಕಿದಾಗ ಯಾವುದಾದರೂ ದಿಬ್ಬದ ಮೇಲೆ ಒಂದು ಗೆರೆ ಸಿಗ್ನಲ್ ಸಿಕ್ಕರೆ 112ಕ್ಕೆ ಕರೆ ಮಾಡಬೇಕಾದದ್ದು ಅದೇ ಫೋನಿನಿಂದ. ಇಡೀ ದಿನ ದಾರಿ ತೋರಿಸಿ ಅದರ ಚಾರ್ಜ್ ಮುಗಿದಿರಬಾರದು.

ನೀರು, ಬಟನ್, ಸೆಲ್

ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದಿರಲೇಬೇಕು. ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಇದ್ದರೂ ಒಳಗೆ ನೀರು ಇಳಿಯದು ಎಂದು ಅದರ ಅರ್ಥ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪದ ಕಡೆ ಕಯಾಕಿನಲ್ಲಿ ಹೋಗಿ ಬಂದರೆ ಮನೆಯ ನಲ್ಲಿನೀರಿನಲ್ಲಿ ತೊಳೆದು ಒರೆಸಿಡಬೇಕು. ಸೆಲ್ ಹಾಕುವ ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿಯನ್ನು ಬೆರಳಾಡಿಸಿ ನೋಡಿ. ಅಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೆ ಐಪಿಎಕ್ಸ್7 ಇದ್ದೂ ಇಲ್ಲದಂತೆ.

ಟಚ್‌ಸ್ಕ್ರೀನ್ ಬೇಡ, ಬಟನ್ ಇರಲಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಅಂಗಡಿಯಲ್ಲೇ ಕೈ ಒದ್ದೆ ಮಾಡಿಕೊಂಡು, ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದಲೇ ಒಂದು ಜಾಗವನ್ನು ಗುರುತು ಹಾಕಲು ಸಾಧ್ಯವೇ ನೋಡಿ. ಇನ್ನೊಂದು ಕೈಯಲ್ಲಿ ಕೊಡೆಯೋ ಕೋಲೋ ಇದ್ದೇ ಇರುತ್ತದೆ. ಆಮೇಲೆ ಅಂಗಡಿಯವರಲ್ಲಿ ಕೇಳಿ ಬಿಸಿಲಿಗೆ ತಂದು ಪರದೆ ನೋಡಿ. ಒಳ್ಳೆಯ ಸೆಟ್ಟುಗಳ ಪರದೆ ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುತ್ತದೆ, ಒಳಗಿನ ದೀಪ ಬೇಕಾಗುವುದಿಲ್ಲ.

ಪೆನ್ ಸೆಲ್ ಹಾಕುವ ಸೆಟ್ಟೋ, ಒಳಗೇ ಬ್ಯಾಟರಿ ಇರುವುದೋ? ಸಲಕರಣೆಗಳ ಮೋಹವಿರುವವರು ಎರಡನೆಯದನ್ನು ಹೊಗಳುತ್ತಾರೆ. ಅದರಲ್ಲಿ ತಾಳಿಕೆ ಹೆಚ್ಚು ಎಂಬುದೂ ನಿಜ. ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 67ಕ್ಕೆ 180 ಗಂಟೆ ಎಂದು ಕಂಪನಿ ಹೇಳುತ್ತದೆ. ಆದರೂ ಘಟ್ಟದ ತಪ್ಪಲಿನ ಯಾವ ಗೂಡಂಗಡಿಯಲ್ಲೂ ಸಿಗುವುದು ಪೆನ್ ಸೆಲ್. ಅದೇ ಕಂಪನಿಯ ಈಟ್ರೆಕ್ಸ್ 22ಎಕ್ಸ್, 32ಎಕ್ಸ್‌ಗಳು ಎರಡು ಸೆಲ್‌ನಲ್ಲಿ 25 ಗಂಟೆ ಓಡುತ್ತವೆ. ಎರಡು ಹಗಲಿನ ಚಾರಣಕ್ಕೆ ಅದು ಧಾರಾಳ. ರೀಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿದರೆ ಮೆನುವಿನಲ್ಲಿ ಸೆಲ್ಲಿನ ಬಗೆಯನ್ನು ಬದಲಿಸಿ, ಇಲ್ಲದಿದ್ದರೆ ಬ್ಯಾಟರಿ ಗುರುತು ತಪ್ಪು ತೋರಿಸುತ್ತದೆ. ಮನೆಗೆ ಬಂದ ಮೇಲೆ ಸೆಲ್ ತೆಗೆದಿಡಿ. ನಮ್ಮ ತೇವದ ಹವೆಯಲ್ಲಿ ಒಳಗೇ ಉಳಿದ ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿದರೆ ಸೆಟ್ಟೇ ಹೋದಂತೆ.

ಮರದಡಿಯಲ್ಲಿ ಸಂಕೇತ

ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ನೆಲಕ್ಕೆ ತಲುಪುವ ಹೊತ್ತಿಗೆ ಅವುಗಳ ಸಂಕೇತ ತೀರಾ ಕ್ಷೀಣ. ನೀರು ತುಂಬಿದ ಎಲೆಗಳು ಅದನ್ನು ಇನ್ನಷ್ಟು ಹೀರಿಕೊಳ್ಳುತ್ತವೆ. ಕಣಿವೆಯ ಬಂಡೆಗೆ ಬಡಿದು ಬಂದ ಸಂಕೇತ ಸುತ್ತುದಾರಿ ಹಿಡಿದದ್ದರಿಂದ, ಸಾಧನ ನಿಮ್ಮನ್ನು ಇಲ್ಲದ ಕಡೆ ಇದ್ದಂತೆ ತೋರಿಸುತ್ತದೆ. ಕೂಡ್ಲು ತೀರ್ಥದಂಥ ಇಕ್ಕಟ್ಟಿನ ಜಾಗದಲ್ಲಿ ಎರಡೂ ತೊಂದರೆ ಒಟ್ಟಿಗೆ ಬರುತ್ತವೆ.

ಅದಕ್ಕೇ ಎಷ್ಟು ದೇಶಗಳ ಉಪಗ್ರಹ ಹಿಡಿಯುತ್ತದೆ ಎಂದು ಕೇಳಿ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನದ ಬೈಡೌ, ನಮ್ಮದೇ ನಾವಿಕ್ ಇವೆ. ಸ್ಥಾನ ಮತ್ತು ಎತ್ತರ ಎರಡೂ ಸಿಗಲು ನಾಲ್ಕು ಉಪಗ್ರಹ ಕಾಣಲೇಬೇಕು. ಕಾಡು ಅರ್ಧ ಆಕಾಶವನ್ನು ಮುಚ್ಚಿದಾಗ ಉಳಿದರ್ಧದಲ್ಲಿ ಹೆಚ್ಚು ಉಪಗ್ರಹಗಳಿದ್ದಷ್ಟೂ ಒಳ್ಳೆಯದು. ಎರಡು ತರಂಗಾಂತರ, ಅಂದರೆ ಎಲ್1 ಮತ್ತು ಎಲ್5, ಎರಡನ್ನೂ ಹಿಡಿಯುವ ಸೆಟ್ಟುಗಳು ಬಂಡೆಗೆ ಬಡಿದು ಬಂದ ಸಂಕೇತವನ್ನು ಚೆನ್ನಾಗಿ ಬೇರ್ಪಡಿಸುತ್ತವೆ. ನಾವಿಕ್ ಬಹುಕಾಲ ಎಲ್5 ಮತ್ತು ಎಸ್ ಬ್ಯಾಂಡಿನಲ್ಲಷ್ಟೇ ಇತ್ತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸೇರಿತು. ಜಿಪಿಎಸ್‌ಮ್ಯಾಪ್ 65ಎಸ್ ಈ ಎರಡೂ ತರಂಗಾಂತರ ಹಿಡಿಯುತ್ತದೆ, ನಾವಿಕ್ ಕೂಡ ಅದರ ಪಟ್ಟಿಯಲ್ಲಿದೆ, ಪೆನ್ ಸೆಲ್ಲಿನಲ್ಲೇ ಓಡುತ್ತದೆ. ಸೆಲ್ ಬಾಳಿಕೆ ಮಾತ್ರ 16 ಗಂಟೆ. ಮಳೆಗಾಲದ ಕಾಡಿಗೇ ಎಂದು ಕೊಳ್ಳುವವರಿಗೆ, ಬಜೆಟ್ ಒಪ್ಪಿದರೆ, ನಾನು ಹೇಳುವುದು ಅದನ್ನೇ.

ಹಿಡಿಯುವ ರೀತಿಯೂ ಮುಖ್ಯ. ತಲೆಯಲ್ಲಿ ಮೋಟು ಕೊಂಬಿನಂಥ ಆಂಟೆನಾ ಇರುವುದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕು. ಈಟ್ರೆಕ್ಸ್‌ನಂಥ ಗುಂಡನೆಯದನ್ನು ಅಂಗೈ ಮೇಲೆ ಮಲಗಿಸಿ, ಪರದೆ ಆಕಾಶ ನೋಡುವಂತೆ. ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡು ಟ್ರ್ಯಾಕ್, ಅಂದರೆ ನಡೆದ ದಾರಿಯ ಗೆರೆ, ಸರಿ ಬರಲಿಲ್ಲ ಎಂದರೆ ಸಾಧನದ ತಪ್ಪಲ್ಲ. ಬ್ಯಾಗಿನ ಭುಜದ ಪಟ್ಟಿಗೆ ಸಿಕ್ಕಿಸಿ.

ದಿಕ್ಸೂಚಿ ಬೇಕು, ಎತ್ತರಮಾಪಕ ಇದ್ದರೆ ಒಳ್ಳೆಯದು

22ಎಕ್ಸ್‌ಗೂ 32ಎಕ್ಸ್‌ಗೂ ದೊಡ್ಡ ವ್ಯತ್ಯಾಸ ಇಲ್ಲೇ: ಇವೆರಡೂ 32ಎಕ್ಸ್‌ನಲ್ಲಿವೆ, 22ಎಕ್ಸ್‌ನಲ್ಲಿಲ್ಲ. ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲದ ಸೆಟ್ಟಿಗೆ ನೀವು ನಡೆಯುತ್ತಿದ್ದರಷ್ಟೇ ದಿಕ್ಕು ತಿಳಿಯುತ್ತದೆ. ನಿಂತಲ್ಲೇ ತಿರುಗಿದರೆ ಬಾಣ ತಿರುಗದು. ದಾರಿ ತಪ್ಪಿತೇ ಎಂಬ ಅನುಮಾನ ಬಂದವರು ಮಾಡುವ ಮೊದಲ ಕೆಲಸ ನಿಲ್ಲುವುದು, ಅದೇ ಹೊತ್ತಿಗೆ ಬಾಣ ಸುಳ್ಳು ಹೇಳುತ್ತದೆ. ದಿಕ್ಸೂಚಿಗಾಗಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸೆಲ್ ಬದಲಿಸಿದಾಗಲೆಲ್ಲ ಅದನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಮಾಪಕಕ್ಕೆ ಹವೆ ಬದಲಾದರೆ ಗೊಂದಲ. ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಎಂಟು ಮೀಟರಿನಷ್ಟು ಮೇಲೇರಿದಂತೆ ತೋರಿಸುತ್ತದೆ. ಮಳೆಗಾಲದ ವಾಯುಭಾರ ಕುಸಿತದ ದಿನಗಳಲ್ಲಿ ಇದು ಸಾಮಾನ್ಯ. ಹೊರಡುವಾಗ ಗೊತ್ತಿರುವ ಎತ್ತರವನ್ನು ನಮೂದಿಸಿ. ರೈಲು ನಿಲ್ದಾಣದ ಹಳದಿ ಫಲಕದ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ, ಪಣಂಬೂರು ಕಡಲತಡಿಯಲ್ಲಾದರೆ ಸೊನ್ನೆಯ ಆಸುಪಾಸು.

ಕೆಲವು ಫೋನ್ ಆ್ಯಪ್‌ಗಳು ನಮ್ಮ ಬೀಚಿನಲ್ಲಿ ನಿಂತಾಗ ಸಮುದ್ರಮಟ್ಟಕ್ಕಿಂತ 80 ಮೀಟರಿಗೂ ಕೆಳಗೆ ಎಂದು ತೋರಿಸುವುದುಂಟು. ಕೆಟ್ಟುಹೋಗಿದೆ ಎಂದು ಗಾಬರಿಯಾಗಬೇಕಿಲ್ಲ. ಉಪಗ್ರಹ ವ್ಯವಸ್ಥೆ ಎತ್ತರವನ್ನು ಎಣಿಸುವುದು ಭೂಮಿಯ ಗಣಿತದ ಆಕಾರದಿಂದ. ದಕ್ಷಿಣ ಭಾರತದ ಸುತ್ತ ಗುರುತ್ವ ಕಡಿಮೆಯಿರುವುದರಿಂದ ನಿಜವಾದ ಸಮುದ್ರಮಟ್ಟ ಆ ಆಕಾರಕ್ಕಿಂತ ಅಷ್ಟು ಕೆಳಗಿದೆ. ಒಳ್ಳೆಯ ಜಿಪಿಎಸ್ ಈ ಲೆಕ್ಕವನ್ನು ತಾನೇ ಸರಿಮಾಡಿ ತೋರಿಸುತ್ತದೆ.

ನಕ್ಷೆ

ಗೂಗಲ್ ಮ್ಯಾಪ್ ಇದಕ್ಕೆ ಹತ್ತದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಗಾರ್ಮಿನ್ ಸೆಟ್ಟಿಗೆಂದೇ ತಯಾರಿಸಿದ ನಕ್ಷೆ ಉಚಿತವಾಗಿ ಸಿಗುತ್ತದೆ, ಮೆಮರಿ ಕಾರ್ಡಿಗೆ ಹಾಕಿದರಾಯಿತು. ಹಾಗಾಗಿ ಕಾರ್ಡ್ ಹಾಕಲು ಜಾಗ ಇದೆಯೇ ನೋಡಿಕೊಳ್ಳಿ. ಈಟ್ರೆಕ್ಸ್ ಎಸ್‌ಇ ಅಗ್ಗ, ಸೆಲ್ 168 ಗಂಟೆ ಬರುತ್ತದೆ ಎಂಬುದು ಕಂಪನಿಯ ಲೆಕ್ಕ. ಆದರೆ ಅದರಲ್ಲಿ ನಕ್ಷೆ ಇಲ್ಲ, ನಡೆದ ಗೆರೆ ಮತ್ತು ಗುರುತುಗಳಷ್ಟೇ. ಗೊತ್ತಿರುವ ದಾರಿಯಲ್ಲಿ ಹೋಗಿ ಬರುವವರಿಗೆ ಅದೂ ಆಗುತ್ತದೆ. ಕಡಲಿಗೆ ಬೇಕಾದವರು ಜಿಪಿಎಸ್‌ಮ್ಯಾಪ್ 79ಎಸ್‌ನಂಥ, ನೀರಿಗೆ ಬಿದ್ದರೆ ತೇಲುವ ಸೆಟ್ಟು ನೋಡಬೇಕು. ಉಳಿದವು ಕಲ್ಲಿನಂತೆ ಮುಳುಗುತ್ತವೆ.

ಇದನ್ನು ಕೊಳ್ಳಬೇಡಿ

ಮಾಡೆಲ್ ಹೆಸರಿನ ಕೊನೆಯಲ್ಲಿ ‘ಐ’ ಇರುವ ಜಿಪಿಎಸ್‌ಮ್ಯಾಪ್ 66ಐ, 67ಐ, 86ಐ, ಅಥವಾ ಇನ್‌ರೀಚ್ ಎಂಬ ಹೆಸರಿರುವವು ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನಗಳು. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇವುಗಳನ್ನು ಇಟ್ಟುಕೊಳ್ಳುವುದೇ ಅಪರಾಧ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಯೊಬ್ಬರು ಇದೇ ಕಾರಣಕ್ಕೆ ಪೊಲೀಸರ ವಶವಾದರು. ಕೊಲ್ಲಿ ದೇಶಗಳಿಂದ ಊರಿಗೆ ಬರುವ ಅಣ್ಣನೋ ಭಾವನೋ ಉಡುಗೊರೆಯಾಗಿ ತರುವ ಮನೆಗಳು ನಮ್ಮಲ್ಲಿ ಬಹಳ. ಹೊರಡುವ ಮೊದಲೇ ಅವರಿಗೆ ಮಾಡೆಲ್ ಹೆಸರನ್ನು ಪೂರ್ತಿ ಬರೆದು ಕಳುಹಿಸಿ. ಇಲ್ಲೇ ಕೊಳ್ಳುವುದಾದರೆ ಜಿಎಸ್‌ಟಿ ಬಿಲ್, ಭಾರತದ ವಾರಂಟಿ ಎರಡೂ ಇರಲಿ.

ಕೈಗೆ ಬಂದ ಮೇಲೆ

ಮೊದಲ ಸಲ ಬಯಲಿನಲ್ಲಿ ಹದಿನೈದು ನಿಮಿಷ ಸುಮ್ಮನೆ ಇಟ್ಟುಬಿಡಿ. ಯಾವ ಉಪಗ್ರಹ ಯಾವಾಗ ಎಲ್ಲಿರುತ್ತದೆ ಎಂಬ ವೇಳಾಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ನಕ್ಷೆಯ ಆಧಾರ (ಮ್ಯಾಪ್ ಡೇಟಮ್, ಅಂದರೆ ಅಕ್ಷಾಂಶ-ರೇಖಾಂಶ ಎಣಿಸುವ ಪದ್ಧತಿ) ಡಬ್ಲ್ಯುಜಿಎಸ್ 84 ಎಂದಿರಲಿ; ಹಳೆಯ ಸರ್ವೆ ನಕ್ಷೆಗಳ ಎವರೆಸ್ಟ್ ಆಧಾರ ಇದ್ದರೆ ಗುರುತುಗಳು ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದುಬಿಡುತ್ತವೆ. ಟ್ರ್ಯಾಕ್ ದಾಖಲಾತಿ ಸದಾ ಚಾಲೂ ಇರಲಿ.

ಮಣಿಪಾಲದ ಎಂಡ್ ಪಾಯಿಂಟಿನಲ್ಲೋ ಪಿಲಿಕುಳದಲ್ಲೋ ಅಭ್ಯಾಸ ಮಾಡಿ. ಗೇಟಿನ ಬಳಿ ಗುರುತು ಹಾಕಿ, ಅರ್ಧ ಗಂಟೆ ಮನಬಂದಂತೆ ನಡೆದು, ಬಂದ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ಯುವ ಟ್ರ್ಯಾಕ್‌ಬ್ಯಾಕ್ ಒತ್ತಿ ಪರದೆ ನೋಡಿಕೊಂಡೇ ವಾಪಸು ಬನ್ನಿ. ತಂಡದಲ್ಲಿ ಇನ್ನೊಬ್ಬರಿಗಾದರೂ ಇದು ಬರಬೇಕು.

ಕೊನೆಗೆ, ಸ್ಥಾನವನ್ನು ಹೇಳುವ ರೀತಿ. ಉಡುಪಿ ಸುಮಾರು 13.34 ಡಿಗ್ರಿ ಉತ್ತರದಲ್ಲಿದೆ. ಇದನ್ನು ಡಿಗ್ರಿ-ಮಿನಿಟಿನಲ್ಲಿ ಬರೆದರೆ 13 ಡಿಗ್ರಿ 20.4 ಮಿನಿಟ್. ಫೋನಿನ ಆಚೆ ಬದಿಯವರು 13.34ನ್ನು ‘ಹದಿಮೂರು ಡಿಗ್ರಿ ಮೂವತ್ತನಾಲ್ಕು ಮಿನಿಟ್’ ಎಂದು ಬರೆದುಕೊಂಡರೆ ಹುಡುಕುವವರು 25 ಕಿಲೋಮೀಟರ್ ಉತ್ತರಕ್ಕೆ, ಕುಂದಾಪುರದ ಕಡೆ ಹೋಗುತ್ತಾರೆ. ಆದ್ದರಿಂದ ಸಾಧನದಲ್ಲಿ ದಶಮಾಂಶ ಡಿಗ್ರಿ ಇಟ್ಟು, ‘ಹದಿಮೂರು ಪಾಯಿಂಟ್ ಮೂರು ನಾಲ್ಕು’ ಎಂದು ಒಂದೊಂದೇ ಅಂಕೆ ಹೇಳಿ, ಅವರಿಂದ ಮರಳಿ ಹೇಳಿಸಿಕೊಳ್ಳಿ. ನೆಲದ ಮೇಲೆ 112, ಕಡಲಿನಲ್ಲಿ ಕರಾವಳಿ ಕಾವಲು ಪಡೆಯ 1554. ಅರಣ್ಯ ಇಲಾಖೆಯ ಅನುಮತಿ ಪಡೆದು ಹೊರಡುವ ದಿನ, ವಾಹನ ನಿಲ್ಲಿಸಿದ ಜಾಗದ ಅಂಕೆಗಳನ್ನು ಮನೆಯವರಿಗೆ ಎಸ್‌ಎಂಎಸ್ ಮಾಡಿ, ಎಷ್ಟು ಹೊತ್ತಿನೊಳಗೆ ಕರೆ ಬಾರದಿದ್ದರೆ ವಿಚಾರಿಸಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.