ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಕಲಸುವ ಮತ್ತು ಕುಡಿಸುವ ಕ್ರಮ

ಭೇದಿಯಾದ ಮಗುವಿನ ಜೀವಕ್ಕೆ ಬಹುಮಟ್ಟಿಗೆ ಅಪಾಯ ತರುವುದು ಅದರೊಂದಿಗೆ ದೇಹದಿಂದ ಹೊರಹೋಗುವ ನೀರು ಮತ್ತು ಲವಣಗಳ ನಷ್ಟ. ಆದ್ದರಿಂದ ಭೇದಿ ಕಟ್ಟುವ ಮಾತ್ರೆಗಾಗಿ ಔಷಧಿ ಅಂಗಡಿಗೆ ಓಡಬೇಡಿ. ಅಂಥ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಮೊದಲ ಬಾರಿ ನೀರಾಗಿ ಹೋದೊಡನೆಯೇ, ಉಪ್ಪು, ಗ್ಲೂಕೋಸ್ ಇರುವ ಪುಡಿಯನ್ನು ನೀರಿನಲ್ಲಿ ಕರಗಿಸಿದ ದ್ರಾವಣವಾದ ಓಆರ್‌ಎಸ್ ಕುಡಿಸಲು ಆರಂಭಿಸಿ.

ಸೋಂಕು ತಗುಲಿದ ಕರುಳು ಕೂಡ ಗ್ಲೂಕೋಸ್ ಜೊತೆಗಿದ್ದರೆ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಹೀರಿಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಒಳಸೇರುತ್ತದೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿದ್ದ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರಾವಣ ಸಾಲದೆ ಹೋದಾಗ ಡಾ. ದಿಲೀಪ್ ಮಹಲನೊಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿಯೇ ಅಸಂಖ್ಯ ಜನರನ್ನು ಉಳಿಸಿದ್ದು ಇದೇ ತತ್ತ್ವದ ಬಲದಿಂದ.

ಈ ತತ್ತ್ವ ಫಲಿಸಬೇಕಾದರೆ ಅಳತೆ ತಪ್ಪಬಾರದು. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ, ಕೈಗಳನ್ನು ಸೋಪಿನಿಂದ ತೊಳೆದುಕೊಂಡು, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪುಡಿಯನ್ನು ಒಮ್ಮೆಗೇ ಸುರಿದು ಕರಗಿಸಿ. 200 ಮಿ.ಲೀ. ನೀರಿಗೆಂದೇ ಇರುವ ಚಿಕ್ಕ ಪೊಟ್ಟಣಗಳೂ ಸಿಗುತ್ತವೆ. ಒಂದು ಲೀಟರಿನ ಪುಡಿಯನ್ನು ಒಂದೇ ಲೋಟಕ್ಕೆ ಹಾಕಿದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ರುಚಿಗೆಂದು ಸಕ್ಕರೆ ಬೆರೆಸಿದರೆ ಭೇದಿ ಇನ್ನೂ ಹೆಚ್ಚುತ್ತದೆ. ಸಿಹಿಯಾದ ಪ್ಯಾಕೆಟ್ ಪಾನೀಯಗಳು ಓಆರ್‌ಎಸ್‌ಗೆ ಬದಲಿಯಲ್ಲ. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ, ಕುಡಿಸುವ ಮೊದಲು ನೀವೇ ರುಚಿ ನೋಡಿ: ಅದು ಕಣ್ಣೀರಿಗಿಂತ ಉಪ್ಪಾಗಿರಬಾರದು. ಕಲಸಿದ ದ್ರಾವಣವನ್ನು ಮುಚ್ಚಿಡಿ, 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಿ. ಲೋಟವನ್ನು ಬಾಯಿಗಿಟ್ಟು ಒಮ್ಮೆಲೇ ಕುಡಿಸಿದರೆ ವಾಂತಿಯಾಗುವುದು ಸಹಜ. ಹಾಗಾದಾಗ ಬಹಳ ತಾಯಂದಿರು ಗಾಬರಿಯಿಂದ ಕುಡಿಸುವುದನ್ನೇ ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಹತ್ತು ನಿಮಿಷ ತಡೆದು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಕೊಡಿ. ಎದೆಹಾಲನ್ನು ನಿಲ್ಲಿಸಬಾರದು, ಅನ್ನ ತಿನ್ನುವ ಮಗುವನ್ನು ಹಸಿದಿಡಬಾರದು. ಗಂಜಿ, ಮೆತ್ತನೆಯ ಅನ್ನ, ಬಾಳೆಹಣ್ಣು ಕೊಡಬಹುದು. ವೈದ್ಯರು ಅಥವಾ ಆಶಾ ಕಾರ್ಯಕರ್ತೆ ಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಅವರು ಹೇಳಿದಷ್ಟು ದಿನ ತಪ್ಪದೆ ಮುಂದುವರಿಸಿ.

ಆಗಾಗ ಮಗುವಿನ ಹೊಟ್ಟೆಯ ಚರ್ಮವನ್ನು ಹೊಕ್ಕುಳದ ಪಕ್ಕದಲ್ಲಿ ಎರಡು ಬೆರಳುಗಳಿಂದ ಮೃದುವಾಗಿ ಹಿಡಿದೆತ್ತಿ ಬಿಡಿ. ಅದು ತಕ್ಷಣ ಸಮವಾಗದೆ ನಿಧಾನವಾಗಿ ಇಳಿದರೆ, ಕಣ್ಣು ಒಳಸೇರಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆರು ಗಂಟೆಯಾದರೂ ಮೂತ್ರವಾಗದಿದ್ದರೆ, ಮಗು ಮಂಕಾಗಿ ಮಲಗಿದ್ದರೆ ಅಥವಾ ಕುಡಿಯಲಾರದೆ ಹೋದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಮಗು ನುಂಗುವಷ್ಟು ಎಚ್ಚರವಾಗಿದ್ದರೆ ದಾರಿಯುದ್ದಕ್ಕೂ ಚಮಚದಿಂದ ಓಆರ್‌ಎಸ್ ಕೊಡುತ್ತಲೇ ಇರಿ.